ಒಂದು ಪಠ್ಯ, ಹಲವು ಆವರಣ: ಹಂಪಿಯ ನೆಲದಿಂದ ಒಂದು ವಿಚಾರ



ವಿಜಯನಗರವನ್ನು ಓದಬೇಕೆಂದು ಹೊರಡುವ ವಿದ್ಯಾರ್ಥಿಗೆ ಮೊದಲ ದಿನವೇ ಒಂದು ಇಕ್ಕಟ್ಟು ಎದುರಾಗುತ್ತದೆ. ಊರು ಇಲ್ಲಿದೆ, ಊರಿನ ಬಗ್ಗೆ ಬರೆದ ಕಾಗದಪತ್ರಗಳು ಇನ್ನೆಲ್ಲೋ ಇವೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದ ಡೊಮಿಂಗೊ ಪಾಯೆಸ್ ಮತ್ತು ಅವನ ನಂತರ ಬಂದ ನ್ಯೂನಿಜ್ ಬರೆದದ್ದು ಪೋರ್ಚುಗೀಸಿನಲ್ಲಿ. ಆ ಹಸ್ತಪ್ರತಿ ಸಿಕ್ಕಿದ್ದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಡೇವಿಡ್ ಲೋಪೆಸ್ ಅದನ್ನು ಅಚ್ಚು ಹಾಕಿಸಿದ್ದು 1897ರಲ್ಲಿ ಲಿಸ್ಬನ್ನಿನಲ್ಲಿ, ರಾಬರ್ಟ್ ಸಿವೆಲ್ ಅದನ್ನು ಇಂಗ್ಲಿಷಿಗೆ ತಂದದ್ದು 1900ರಲ್ಲಿ. 1443ರಲ್ಲಿ ಇಲ್ಲಿಗೆ ಬಂದ ಅಬ್ದುಲ್ ರಜಾಕ್ ತನ್ನ ವರದಿಯನ್ನು ಬರೆದದ್ದು ಪಾರಸಿಯಲ್ಲಿ. ಕಾಲಿನ್ ಮೆಕೆಂಜಿ 1799ರಲ್ಲಿ ಮಾಡಿಸಿದ ಹಂಪಿಯ ನಕ್ಷೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹಂಪಿಯ ಕಲ್ಲುಗಳ ಮೇಲಿರುವ ಶಾಸನಗಳೂ ಒಂದೇ ಭಾಷೆಯವಲ್ಲ. ಕನ್ನಡ, ತೆಲುಗು, ಸಂಸ್ಕೃತ, ತಮಿಳು ನಾಲ್ಕೂ ಅಲ್ಲಿವೆ.

ಕಮಲಾಪುರದಿಂದ ಬುಕ್ಕಸಾಗರ ದಾಟಿ ಕಂಪ್ಲಿಗೆ ಹೋಗುವ ದಾರಿಯುದ್ದಕ್ಕೂ ಸಿಗುವ ಒಂದು ಮಂಟಪವನ್ನು, ಒಂದು ತೂಬನ್ನು, ಒಂದು ಒಡ್ಡನ್ನು ಸರಿಯಾಗಿ ತಿಳಿಯಬೇಕಾದರೆ ಇಷ್ಟೆಲ್ಲ ಭಾಷೆ ಮತ್ತು ಇಷ್ಟೆಲ್ಲ ಊರುಗಳ ನೆರವು ಬೇಕು. ಯಾವ ಒಬ್ಬ ಅಧ್ಯಾಪಕರಿಗೂ, ಯಾವ ಒಂದು ವಿಭಾಗಕ್ಕೂ ಇದು ಒಂಟಿಯಾಗಿ ಸಾಧ್ಯವಿಲ್ಲ. ಆದ್ದರಿಂದ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ಒಂದೇ ಪಠ್ಯವನ್ನು, ಅರ್ಧ ಪರದೆಯ ಮೂಲಕ, ಅರ್ಧ ತಮ್ಮ ತಮ್ಮ ನೆಲದಲ್ಲಿ ನಿಂತು ಕಲಿಸುವ ಕ್ರಮ ವಿಜಯನಗರದ ಅಧ್ಯಯನಕ್ಕೆ ಹೊರಗಿನಿಂದ ತಂದು ಹೇರುವ ಸಂಗತಿಯಲ್ಲ. ವಿಷಯದ ಸ್ವಭಾವವೇ ಅದನ್ನು ಕೇಳುತ್ತಿದೆ.

ಈ ಉಪನ್ಯಾಸದ ವಾದ ಇಷ್ಟು. ಹಂಚಿಕೊಂಡ ಪಠ್ಯದಲ್ಲಿ ಹಂಚಿಕೊಳ್ಳಬೇಕಾದದ್ದು ಪಠ್ಯ ಕಟ್ಟುವ ಹಕ್ಕು ಮತ್ತು ಮೌಲ್ಯಮಾಪನದ ಹೊಣೆ. ಭಾಷಣವನ್ನು ಮಾತ್ರ ಹಂಚಿದರೆ ಒಂದು ಆವರಣ ಹೇಳುವುದೂ ಉಳಿದವು ಕೇಳುವುದೂ ರೂಢಿಯಾಗುತ್ತದೆ. ಪ್ರತಿಯೊಂದು ಆವರಣದ ಕೈಯಲ್ಲೂ ಉಳಿದವರು ಕಾದು ಪಡೆಯಬೇಕಾದ ಏನಾದರೊಂದು ಇದ್ದಾಗಲೇ ಇಂಥ ಪಠ್ಯಕ್ಕೆ ಅರ್ಥ.

ಪರದೆಯ ಪಾಠದ ಕರ್ನಾಟಕ ಪರಂಪರೆ

ದೂರದಿಂದ ಕಲಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿದ್ದು 1969ರಲ್ಲಿ. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅಂಚೆಯಲ್ಲಿ ಬರುವ ಪಾಠಗಳ ಕಟ್ಟು, ಬೇಸಿಗೆಯ ಸಂಪರ್ಕ ತರಗತಿ, ಊರಿನ ಹತ್ತಿರದ ಪರೀಕ್ಷಾ ಕೇಂದ್ರ ಇವು ನೌಕರಿಯಲ್ಲಿದ್ದ ಗುಮಾಸ್ತರಿಗೆ, ಮದುವೆಯಾಗಿ ಓದು ನಿಲ್ಲಿಸಿದ್ದ ಹೆಣ್ಣುಮಕ್ಕಳಿಗೆ, ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ಪದವಿಯ ಬಾಗಿಲು ತೆರೆದವು. ಓದು ಮನೆಯಲ್ಲಿ, ಮುಖಾಮುಖಿ ಕೆಲವು ದಿನ ಎಂಬ ಆ ಏರ್ಪಾಡು ಇಂದು ಮಿಶ್ರ ಕಲಿಕೆ ಎಂದು ಕರೆಯುವುದರ ಹಿಂದಿನ ತಲೆಮಾರು.

ಎರಡನೆಯ ಹಂತ ಉಪಗ್ರಹದ್ದು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಅದರ ಪ್ರಾಯೋಗಿಕ ಯೋಜನೆಗಳಿಗೆ ಆಯ್ಕೆಯಾದ ಸಂಸ್ಥೆಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಸ್ಟುಡಿಯೊದಲ್ಲಿ ಒಬ್ಬ ನುರಿತ ಪ್ರಾಧ್ಯಾಪಕರು ಪಾಠ ಹೇಳಿದರೆ ರಾಜ್ಯದ ಮೂಲೆಮೂಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದು ಏಕಕಾಲಕ್ಕೆ ಕಾಣಿಸುತ್ತಿತ್ತು. ಅದಕ್ಕೂ ಮೊದಲು, 2003ರಲ್ಲಿ, ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ ಆರಂಭಿಸಿದ್ದವು. 2017ರ ಜುಲೈನಲ್ಲಿ ಅಂಥದೇ ಪಾಠಗಳ ಸ್ವಯಂ ಜಾಲತಾಣ ಬಂತು. ಇಂದು ಹೊಸಪೇಟೆಯ ಬಾಡಿಗೆ ಕೋಣೆಯಲ್ಲಿ ಕುಳಿತ ವಿದ್ಯಾರ್ಥಿ ಐಐಟಿಯ ಪಾಠವನ್ನು ಮೊಬೈಲಿನಲ್ಲಿ ನೋಡಬಹುದು.

ಈ ಯೋಜನೆಗಳು ನೀಗಿಸಿದ ಕೊರತೆ ದೊಡ್ಡದು. ಒಳ್ಳೆಯ ಅಧ್ಯಾಪಕರಿಲ್ಲದ ಕಡೆ ಒಳ್ಳೆಯ ಪಾಠ ತಲುಪಿತು. ಆದರೆ ಅವೆಲ್ಲದರ ದಿಕ್ಕು ಒಂದೇ ಆಗಿತ್ತು: ನಡುವಿನಿಂದ ಅಂಚಿಗೆ. ಅಂಚಿನ ಕಾಲೇಜು ಪಾಠವನ್ನು ಪಡೆದುಕೊಂಡಿತು, ಪಾಠಕ್ಕೆ ಏನನ್ನೂ ಸೇರಿಸಲಿಲ್ಲ. ಗಣಿತಕ್ಕೆ, ಯಂತ್ರಶಾಸ್ತ್ರಕ್ಕೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಒಂದು ಸಮೀಕರಣ ಬೆಳಗಾವಿಯಲ್ಲಿ ಹೇಗೋ ಸಂಡೂರಿನಲ್ಲೂ ಹಾಗೆಯೇ. ಚರಿತ್ರೆ, ಪುರಾತತ್ವ, ನೀರಾವರಿ, ಜಾನಪದ, ಭೂಗೋಳಗಳಲ್ಲಿ ಮಾತ್ರ ಸಂಡೂರಿಗೆ ಸಂಡೂರಿನದೇ ಆದ ಪಾಠವಿದೆ. ಅದನ್ನು ಬಿಟ್ಟು ನಡುವಿನ ಊರಿನಿಂದ ಬಂದ ಪಾಠವನ್ನಷ್ಟೇ ಕೇಳಿದರೆ ಅಲ್ಲಿನ ವಿದ್ಯಾರ್ಥಿ ತನ್ನ ಕಾಲ ಕೆಳಗಿನ ನೆಲವನ್ನು ಬೇರೆಯವರ ಬಾಯಿಂದ ತಿಳಿಯಬೇಕಾಗುತ್ತದೆ.

ಎರಡು ದೇಶ, ಒಂದು ಪದವಿ

ಗಡಿ ದಾಟಿದ ಪಠ್ಯಕ್ಕೆ ಕರ್ನಾಟಕದ ಹಳೆಯ ಉದಾಹರಣೆ ಮಣಿಪಾಲದ್ದು. 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜಿನೊಂದಿಗೆ ಬೆಳೆಯತೊಡಗಿದ ಆ ಊರಿನ ಸಂಸ್ಥೆ 1994ರಲ್ಲಿ ನೇಪಾಳದ ಪೋಖರಾದಲ್ಲಿ, 1997ರಲ್ಲಿ ಮಲೇಷ್ಯಾದ ಮಲಾಕದಲ್ಲಿ, 2000ದಲ್ಲಿ ದುಬೈನಲ್ಲಿ ನೆಲೆ ಮಾಡಿಕೊಂಡಿತು. ಮಲಾಕ–ಮಣಿಪಾಲ ವೈದ್ಯಕೀಯ ಕಾಲೇಜಿನ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಹುಕಾಲ ಅಲ್ಲಿನ ವಿದ್ಯಾರ್ಥಿಗಳು ಎಂಬಿಬಿಎಸ್‌ನ ಮೊದಲ ಎರಡೂವರೆ ವರ್ಷವನ್ನು ಮಣಿಪಾಲದಲ್ಲಿ ಓದಿ, ಉಳಿದ ಎರಡೂವರೆ ವರ್ಷಕ್ಕೆ ಮಲೇಷ್ಯಾಕ್ಕೆ ಮರಳುತ್ತಿದ್ದರು.

ಈ ವಿಂಗಡಣೆಯ ಹಿಂದೆ ಒಂದು ತಿಳಿವಳಿಕೆಯಿದೆ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನಗಳನ್ನು ಎಲ್ಲಿ ಓದಿದರೂ ಆಗುತ್ತದೆ. ಅವಕ್ಕೆ ಬೇಕಾದದ್ದು ಒಳ್ಳೆಯ ಪ್ರಯೋಗಾಲಯ, ಒಳ್ಳೆಯ ಮೇಷ್ಟ್ರು. ರೋಗಿಯ ಹಾಸಿಗೆಯ ಪಕ್ಕದ ಕಲಿಕೆ ಹಾಗಲ್ಲ. ರೋಗಿ ತನ್ನ ನೋವನ್ನು ಹೇಳುವುದು ತನ್ನ ಮಾತಿನಲ್ಲಿ, ಅವನ ಊಟ ಅವನ ಊರಿನದು, ಅವನನ್ನು ಕಾಡುವ ಕಾಯಿಲೆ ಅವನ ಹವೆಯದು. ಆದ್ದರಿಂದ ಆ ಭಾಗವನ್ನು ಮುಂದೆ ವೈದ್ಯವೃತ್ತಿ ನಡೆಸುವ ನಾಡಿನಲ್ಲೇ ಕಲಿಯುವುದು ಸರಿ. ಪಠ್ಯದ ಯಾವ ತುಂಡು ಎಲ್ಲಿಗೆ ಹೋಗಬಲ್ಲದು, ಯಾವ ತುಂಡು ಹೋಗಲಾರದು ಎಂಬ ಈ ವಿವೇಕವೇ ಹಂಚಿಕೊಂಡ ಪಠ್ಯದ ಮೊದಲ ಪಾಠ.

ಆದರೆ ಇಲ್ಲಿ ಪ್ರಯಾಣ ಮಾಡುವವನು ವಿದ್ಯಾರ್ಥಿ. ವಿಮಾನದ ಖರ್ಚು, ಹಾಸ್ಟೆಲಿನ ಖರ್ಚು, ಶುಲ್ಕ ಎಲ್ಲವೂ ಅವನ ಮನೆಯ ಮೇಲೆ. ಕಂಪ್ಲಿಯ ಭತ್ತದ ಗದ್ದೆಯಿಂದ, ಸಂಡೂರಿನ ಗಣಿ ಕಾರ್ಮಿಕರ ಮನೆಯಿಂದ ಬಂದವರಿಗೆ ಈ ದಾರಿ ಸಿಗದು.

ಅಂಥವರಿಗೆ ಹೊಂದುವ ಇನ್ನೊಂದು ದಾರಿಯನ್ನು ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯ ವ್ಯವಸ್ಥೆ 2006ರಿಂದ ಬೆಳೆಸಿದೆ. ಸಹಭಾಗಿ ಅಂತರರಾಷ್ಟ್ರೀಯ ಆನ್‌ಲೈನ್ ಕಲಿಕೆ ಎಂದು ಅದಕ್ಕೆ ಹೆಸರು. ಎರಡು ದೇಶಗಳ ಇಬ್ಬರು ಅಧ್ಯಾಪಕರು ಕೂತು ತಮ್ಮ ತಮ್ಮ ಪಠ್ಯಗಳ ಒಂದು ಭಾಗವನ್ನು ಜೊತೆಯಾಗಿ ರೂಪಿಸುತ್ತಾರೆ. ವಿದ್ಯಾರ್ಥಿಗಳು ಮಿಶ್ರ ತಂಡಗಳಲ್ಲಿ ಕೆಲಸ ಮಾಡುತ್ತಾರೆ. ಪ್ರತಿಯೊಬ್ಬನೂ ತನ್ನ ವಿಶ್ವವಿದ್ಯಾಲಯದಲ್ಲೇ ದಾಖಲಾಗಿ ಅಲ್ಲಿಯೇ ಕ್ರೆಡಿಟ್ ಪಡೆಯುತ್ತಾನೆ. ಜಂಟಿ ಪದವಿಯ ಗೋಜಿಲ್ಲ, ವೀಸಾ ಬೇಕಿಲ್ಲ. ಸಣ್ಣ ವಿಶ್ವವಿದ್ಯಾಲಯಗಳಿಗೆ ಸಲ್ಲುವ ಮಾದರಿ ಇದು.

ಹಂಪಿ ಮೊದಲೇ ಮಾಡಿದ ಕೆಲಸ

ಸಭಿಕರೆ, ಹಲವು ದೇಶಗಳ ಜನ ಒಂದೇ ವಿಷಯದ ಸುತ್ತ ಸೇರಿ ಕಲಿಯುವ ಕೆಲಸ ಹಂಪಿಯಲ್ಲಿ ನಾಲ್ಕು ದಶಕಗಳ ಹಿಂದೆಯೇ ಆರಂಭವಾಗಿತ್ತು. 1980ರಿಂದ ಪುರಾತತ್ವಜ್ಞ ಜಾನ್ ಫ್ರಿಟ್ಸ್ ಮತ್ತು ವಾಸ್ತುಶಿಲ್ಪ ಇತಿಹಾಸಕಾರ ಜಾರ್ಜ್ ಮಿಷೆಲ್, ಕರ್ನಾಟಕ ಸರ್ಕಾರದ ಪುರಾತತ್ವ ಮತ್ತು ವಸ್ತುಸಂಗ್ರಹಾಲಯ ಇಲಾಖೆಯ ಜೊತೆಗೂಡಿ ವಿಜಯನಗರ ಸಂಶೋಧನಾ ಯೋಜನೆಯನ್ನು ನಡೆಸಿದರು. ಆಗ ಇಲಾಖೆಯ ಚುಕ್ಕಾಣಿ ಎಂ.ಎಸ್. ನಾಗರಾಜರಾವ್ ಅವರ ಕೈಯಲ್ಲಿತ್ತು. ವರ್ಷ ವರ್ಷವೂ ಹಂಪಿಯ ಶಿಬಿರಕ್ಕೆ ದೇಶವಿದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬಂದು ಟೇಪು ಹಿಡಿದು ಗೋಡೆ ಅಳೆದರು, ಬಿಸಿಲಿನಲ್ಲಿ ನಿಂತು ನಕ್ಷೆ ಬರೆದರು.

ಆ ನಕ್ಷೆಯ ಕ್ರಮ ಗಮನಿಸಬೇಕಾದದ್ದು. ಇಡೀ ನಗರದ ಹರಹನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಅಕ್ಷರ ಕೊಟ್ಟರು. ಆ ಚೌಕವನ್ನು ಮತ್ತೆ ಸಣ್ಣ ಚೌಕಗಳಾಗಿ ಒಡೆದು ಅವಕ್ಕೂ ಅಕ್ಷರ ಕೊಟ್ಟರು. ಅದರೊಳಗಿನ ಪ್ರತಿ ಕಟ್ಟಡಕ್ಕೆ ಒಂದು ಅಂಕೆ. ಹೆಸರೇ ಇಲ್ಲದ ಮಂಟಪಕ್ಕೂ, ಕುಸಿದ ಕಟ್ಟೆಗೂ ಇದರಿಂದ ಒಂದು ವಿಳಾಸ ಸಿಕ್ಕಿತು. ಲಂಡನ್ನಿನಲ್ಲಿ ಕುಳಿತವರೂ ಕಮಲಾಪುರದಲ್ಲಿ ನಿಂತವರೂ ಅದೇ ಕಟ್ಟಡದ ಬಗ್ಗೆ ಮಾತಾಡುತ್ತಿದ್ದೇವೆಂದು ಖಚಿತವಾಗಿ ಹೇಳಬಹುದಾಯಿತು. ಹಲವು ಆವರಣಗಳ ಪಠ್ಯಕ್ಕೆ ಇಂಥದೊಂದು ಸಾಮಾನ್ಯ ವಿಳಾಸಪದ್ಧತಿ ಮೊದಲ ಅಗತ್ಯ, ಅದು ಹಂಪಿಯಲ್ಲಿ ಆಗಲೇ ಸಿದ್ಧವಿದೆ.

ನಗರದ ನಡುಭಾಗದಾಚೆಯ ಹೊಲ, ಕೆರೆ, ಕಾಲುವೆ, ಹಳ್ಳಿಗಳನ್ನು ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1987ರಿಂದ ಸುಮಾರು ಒಂದು ದಶಕ ಸಮೀಕ್ಷೆ ಮಾಡಿದರು. ಸಂಡೂರು ತಾಲ್ಲೂಕಿನ ದರೋಜಿ ಕೆರೆಯ ಕಣಿವೆಯ ಮೇಲೆ ಮಾರಿಸನ್ 2009ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಮುಂಬಯಿಯ ಅನಿಲಾ ವರ್ಗೀಸ್ ಇಲ್ಲಿನ ಧಾರ್ಮಿಕ ಪರಂಪರೆಗಳನ್ನು, ಅಮೆರಿಕದ ಫಿಲಿಪ್ ವ್ಯಾಗನರ್ ಇಲ್ಲಿನ ಅರಮನೆಯ ಉಡುಪು ಮತ್ತು ರಾಜಪದವಿಗಳನ್ನು ಅಧ್ಯಯನ ಮಾಡಿದರು. 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಇದೇ ನೆಲದಲ್ಲಿ ವಿದ್ಯಾರಣ್ಯ ಆವರಣ ಕಟ್ಟಿಕೊಂಡು, ಬಳ್ಳಾರಿ ಜಿಲ್ಲೆಯೂ ಸೇರಿದಂತೆ ಜಿಲ್ಲಾವಾರು ಶಾಸನ ಸಂಪುಟಗಳನ್ನು ಹೊರತಂದಿತು.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಈ ಅಂತರರಾಷ್ಟ್ರೀಯ ಸಂಶೋಧನೆಯ ಬಹುಪಾಲು ಅಚ್ಚಾದದ್ದು ಇಂಗ್ಲಿಷಿನಲ್ಲಿ. ದರೋಜಿಯ ಬಗ್ಗೆ ಬರೆದದ್ದನ್ನು ದರೋಜಿಯ ಶಾಲೆಯ ಮಕ್ಕಳು ಓದುವಂತಿಲ್ಲ. ಸಂಶೋಧನೆ ಇಲ್ಲಿ ನಡೆಯಿತು, ಪಾಠ ಬೇರೆಡೆ ನಡೆಯಿತು. ಮುಂದಿನ ಪಠ್ಯ ಈ ಕಂದರವನ್ನು ಮುಚ್ಚಬೇಕು.

ಪರದೆ ಎಲ್ಲಿಯವರೆಗೆ, ನೆಲ ಎಲ್ಲಿಂದ

ಮಿಶ್ರ ಕಲಿಕೆಯ ಬಗ್ಗೆ ಮಾತಾಡುವಾಗ ಶೇಕಡಾವಾರು ಲೆಕ್ಕ ಮೊದಲು ಬರುತ್ತದೆ. ಯಾವ ಕೆಲಸ ಎಲ್ಲಿ ಎಂಬ ವಿಚಾರ ಅದಕ್ಕಿಂತ ಮೊದಲು ಬರಬೇಕು. ಒಂದು ಶಾಸನದ ಪಾಠವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

ಶಾಸನದ ಅಚ್ಚು ತೆಗೆಯುವವರು ಮೊದಲು ಕಲ್ಲಿಗೆ ನೀರು ಹಾಕಿ ಬ್ರಷ್‌ನಿಂದ ತಿಕ್ಕಿ ಪಾಚಿ, ಮಣ್ಣು ಬಿಡಿಸುತ್ತಾರೆ. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ತಟ್ಟುತ್ತಾ ಹೋಗುತ್ತಾರೆ. ಕಾಗದ ಅಕ್ಷರದ ಗುಳಿಯೊಳಕ್ಕೆ ಇಳಿಯಬೇಕು, ಹರಿಯಬಾರದು. ಅರೆಬರೆ ಆರಿದ ಮೇಲೆ ಮಸಿ ಹಚ್ಚಿದ ಒತ್ತುಗುಂಡಿಯಿಂದ ಮೆಲ್ಲಗೆ ಒತ್ತಿದರೆ ಮೇಲ್ಮೈ ಕಪ್ಪಾಗಿ ಅಕ್ಷರಗಳು ಬಿಳಿಯಾಗಿ ಎದ್ದು ನಿಲ್ಲುತ್ತವೆ. ಸಂರಕ್ಷಿತ ಸ್ಮಾರಕಗಳಲ್ಲಿ ಇದಕ್ಕೆ ಇಲಾಖೆಯ ಅನುಮತಿ ಬೇಕು. ಹಂಪಿಯ ಕಣಶಿಲೆ ಒರಟು. ಚಕ್ಕೆ ಎದ್ದ ಗುರುತು ಯಾವುದು, ಉಳಿಯ ಗೀರು ಯಾವುದು ಎಂದು ಹೇಳಲು ಬೆರಳು ಆಡಿಸಿ ನೋಡಬೇಕಾಗುತ್ತದೆ. ಇದನ್ನು ವೀಡಿಯೊದಲ್ಲಿ ತೋರಿಸಬಹುದು, ಕಲಿಸಲಾಗದು.

ಆದರೆ ಅದೇ ಕಲ್ಲಿನ ಮೇಲೆ ಬೇರೆ ಬೇರೆ ಕೋನಗಳಿಂದ ಬೆಳಕು ಹಾಯಿಸಿ ತೆಗೆದ ಹತ್ತಾರು ಛಾಯಾಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದರೆ ಕೈಗೆ ಸಿಗದ ಗೀರುಗಳೂ ಕೆಲವೊಮ್ಮೆ ಕಣ್ಣಿಗೆ ಬೀಳುತ್ತವೆ. ಈ ಜೋಡಣೆ ದೂರದ ಆವರಣದ ವಿದ್ಯಾರ್ಥಿಯ ಕೆಲಸವಾಗಲಿ. ಹಂಪಿಯ ವಿದ್ಯಾರ್ಥಿ ಅಚ್ಚುಕಾಗದದಿಂದ ಒಂದು ಪಾಠ ಓದಲಿ, ದೂರದ ವಿದ್ಯಾರ್ಥಿ ಚಿತ್ರದಿಂದ ಇನ್ನೊಂದು ಪಾಠ ಓದಲಿ. ಒಂದು ಸಾಲಿನಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಬಂದರೆ ಜಂಟಿ ತರಗತಿ ಅಲ್ಲಿಂದ ಶುರುವಾಗಲಿ. ಇಬ್ಬರೂ ಒಂದೇ ಉಪನ್ಯಾಸವನ್ನು ಬೇರೆ ಬೇರೆ ಊರಿನಲ್ಲಿ ಕೂತು ಕೇಳುವುದರಿಂದ ಇಂಥ ಚರ್ಚೆ ಹುಟ್ಟದು.

ಎರಡನೆಯ ಉದಾಹರಣೆ ನೀರಿನದು. ವಿಜಯನಗರ ಕಾಲದ ಕಾಲುವೆಗಳಲ್ಲಿ ಹಲವು ಇಂದಿಗೂ ಹರಿಯುತ್ತಿವೆ. ರಾಯ, ಬಸವಣ್ಣ ಕಾಲುವೆಗಳು ಈಗ ತುಂಗಭದ್ರಾ ಜಲಾಶಯದಿಂದ ನೀರು ಪಡೆದರೆ, ತುರ್ತು ಕಾಲುವೆ ಅಣೆಕಟ್ಟಿನ ಕೆಳಗೆ ನದಿಯೊಳಗಿನ ಒಡ್ಡಿನಿಂದ ಹೊರಟು ಹಂಪಿಯ ದೇವಾಲಯಗಳಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಬಾಳೆ, ಭತ್ತ, ಕಬ್ಬುಗಳನ್ನು ಸಾಕುತ್ತದೆ. ಆ ಹಳೆಯ ಒಡ್ಡುಗಳು ತಗ್ಗಿನವು. ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ಕಟ್ಟಿದವು. ನೆರೆ ಬಂದಾಗ ಹೆಚ್ಚಿನ ನೀರು ಅವುಗಳ ಮೇಲೆಯೇ ಹಾದುಹೋಗುತ್ತದೆ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಕ್ರಮ ಬೇರೆ: ನೀರನ್ನು ಹಿಡಿದಿಟ್ಟು 33 ಕ್ರೆಸ್ಟ್ ಗೇಟುಗಳ ಮೂಲಕ ಬಿಡುವುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದರು; ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ಜಲಾಶಯವನ್ನು ಉಳಿಸಿಕೊಳ್ಳಬೇಕಾಯಿತು.

ಈ ಎರಡು ಬಗೆಯ ನಿರ್ಮಾಣಗಳ ಹೋಲಿಕೆ ಇಂದಿನ ಯಾವ ದೇಶದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಬೇಕಾದ ಪಾಠ. ಹಂಪಿಯ ತಂಡ ಕಾಲುವೆಯುದ್ದಕ್ಕೂ ನಡೆದು ತೂಬುಗಳನ್ನು ಗುರುತಿಸಿ, ಯಾವ ಹೊಲಕ್ಕೆ ಯಾವ ಸರದಿಯಲ್ಲಿ ನೀರು ಎಂದು ನೀರಗಂಟಿಯಿಂದ, ರೈತರಿಂದ ಕೇಳಿ ಬರೆದುಕೊಳ್ಳಬೇಕು. ಹೊರಗಿನ ತಂಡ ಉಪಗ್ರಹ ಚಿತ್ರ, ಮಳೆಯ ದಾಖಲೆ, ಹಳೆಯ ನಕ್ಷೆಗಳಿಂದ ಅದನ್ನು ಒರೆಗೆ ಹಚ್ಚಬೇಕು. ಬುಕ್ಕಸಾಗರದ ರೈತರು ಹೇಳುವ ನೀರಿನ ಸರದಿ ಯಾವ ಜಾಲತಾಣದಲ್ಲೂ ಇಲ್ಲ. ಮೆಕೆಂಜಿಯ ನಕ್ಷೆಯ ಮೂಲ ಬುಕ್ಕಸಾಗರದಲ್ಲಿ ಇಲ್ಲ. ಎರಡೂ ಕಡೆಯವರಿಗೆ ಪರಸ್ಪರರ ಅಗತ್ಯವಿದೆ.

ಮೂರನೆಯದು ನೋಟದ ಪಾಠ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದ. ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಅವರ ಮೂರು ಆಯಾಮದ ಸುತ್ತುನೋಟದ ಚಿತ್ರಗಳನ್ನು ಬಳಸಿ ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ 'ಪ್ಲೇಸ್–ಹಂಪಿ' ವಿದೇಶಗಳಲ್ಲಿ ಪ್ರದರ್ಶನಗೊಂಡು ನಂತರ ತೋರಣಗಲ್ಲಿನ ಕಲಾಧಾಮವೆಂಬ ಕಲಾಕೇಂದ್ರಕ್ಕೂ ಬಂತು. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಹಂಪಿ ಯೋಜನೆಯ ಕೆಲಸ 2017ರಲ್ಲಿ ಪುಸ್ತಕವಾಯಿತು. ಇಂದು ಹಂಪಿಯ ಡಿಜಿಟಲ್ ರೂಪಕ್ಕೆ ಬರವಿಲ್ಲ. ಅದನ್ನು ಪಠ್ಯವಾಗಿ ಬಳಸುವ, ಪ್ರಶ್ನಿಸುವ, ತಿದ್ದುವ ಹಕ್ಕು ಇಲ್ಲಿನ ವಿದ್ಯಾರ್ಥಿಯ ಕೈಗೆ ಬರಬೇಕು.

ಗಡಿಯಾರ, ಸೆಮಿಸ್ಟರ್, ಕ್ರೆಡಿಟ್

ತತ್ವ ಸರಿಯಿದ್ದರೂ ಹಂಚಿಕೊಂಡ ಪಠ್ಯಗಳು ಮುಗ್ಗರಿಸುವುದು ವೇಳಾಪಟ್ಟಿಯಲ್ಲಿ. ಹಂಪಿಯಲ್ಲಿ ಸಂಜೆ 5.30 ಆದಾಗ ಚಳಿಗಾಲದ ಲಂಡನ್ನಿನಲ್ಲಿ ಮಧ್ಯಾಹ್ನ 12, ಜರ್ಮನಿಯಲ್ಲಿ ಮಧ್ಯಾಹ್ನ 1, ಮಲಾಕದಲ್ಲಿ ರಾತ್ರಿ 8. ಈ ನಾಲ್ಕೂ ಕಡೆಯವರು ಒಟ್ಟಿಗೆ ಕೂರಬಹುದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆಗ ಬೆಳಗಿನ ಜಾವ 5 ಗಂಟೆ. ಅಲ್ಲಿನ ವಿದ್ಯಾರ್ಥಿಗಳಿಗೆ ನೇರ ತರಗತಿಯ ಬದಲು ಬರವಣಿಗೆಯ ಮೂಲಕ ಭಾಗವಹಿಸುವ ವ್ಯವಸ್ಥೆ ಬೇಕಾಗುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ, ಭಾರತದ್ದು ಅಲ್ಲಾಡುವುದಿಲ್ಲ. ಅಕ್ಟೋಬರ್ ನಡುವಿನಲ್ಲಿ ಆರಂಭವಾದ ಜಂಟಿ ತರಗತಿಯ ಹೊತ್ತು ಎರಡು ವಾರಕ್ಕೇ ಒಂದು ಕಡೆಯವರಿಗೆ ಬದಲಾಗುತ್ತದೆ. ಮೊದಲೇ ಬರೆದಿಡದಿದ್ದರೆ ಅರ್ಧ ತರಗತಿ ಖಾಲಿ.

ಕ್ರೆಡಿಟ್ ಲೆಕ್ಕ ಅಷ್ಟು ಕಷ್ಟದ್ದಲ್ಲ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ಯುರೋಪಿನ ಪದ್ಧತಿಯಲ್ಲಿ 25ರಿಂದ 30 ಗಂಟೆ. ನಾಲ್ಕು ಕ್ರೆಡಿಟ್‌ಗಳ ಪಠ್ಯಕ್ಕೆ 120 ಗಂಟೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2021ರ ಮೇ ತಿಂಗಳಲ್ಲಿ ಮಿಶ್ರ ಕಲಿಕೆಯ ಬಗ್ಗೆ ಹೊರಡಿಸಿದ ಟಿಪ್ಪಣಿ ಪಠ್ಯದ ಶೇ 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂದು ಸೂಚಿಸಿತು. ಆ ಲೆಕ್ಕದಲ್ಲಿ 48 ಗಂಟೆ ಪರದೆಗೆ: 30 ಗಂಟೆ ಧ್ವನಿಮುದ್ರಿತ ಪಾಠ ಮತ್ತು ಓದು, 18 ಗಂಟೆ ಜಂಟಿ ನೇರ ತರಗತಿ. ಉಳಿದ 72ರಲ್ಲಿ 42 ಗಂಟೆ ಕ್ಷೇತ್ರಕಾರ್ಯಕ್ಕೆ ಅಥವಾ ದಾಖಲೆಗಳ ಓದಿಗೆ, 30 ಗಂಟೆ ಆಯಾ ಆವರಣದ ಚರ್ಚೆಗೆ ಮತ್ತು ಬರವಣಿಗೆಗೆ. ಹಂಪಿಯವರ 42 ಗಂಟೆ ಕಾಲುವೆಯ ದಂಡೆಯಲ್ಲಿ, ಲಂಡನ್ನಿನವರ 42 ಗಂಟೆ ಗ್ರಂಥಭಂಡಾರದಲ್ಲಿ ಕಳೆದರೂ ಕ್ರೆಡಿಟ್ ಸಮ.

ನಿಯಮಗಳ ಕಡೆ ಒಂದು ಎಚ್ಚರ ಅಗತ್ಯ. ಆಯೋಗದ 2022ರ ನಿಯಮಾವಳಿ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಜಂಟಿ, ದ್ವಿ ಪದವಿಗಳಿಗೆ ದಾರಿ ಮಾಡಿತು. ಆದರೆ ನೇರವಾಗಿ ಅರ್ಹತೆ ಪಡೆಯಲು ಮಾನ್ಯತಾ ಸಂಸ್ಥೆಯಾದ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಇಲ್ಲವೇ ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೊದಲ ನೂರರ ಸ್ಥಾನದಂಥ ಷರತ್ತುಗಳನ್ನಿಟ್ಟಿತು. 2023ರ ನಿಯಮಾವಳಿ ವಿದೇಶಿ ವಿಶ್ವವಿದ್ಯಾಲಯಗಳೇ ಇಲ್ಲಿ ಆವರಣ ತೆರೆಯಲು ಅವಕಾಶ ಕೊಟ್ಟಿತು. ಅದರಡಿ 2025ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಬೆಂಗಳೂರಿಗೆ ಬರಲು ಆಶಯಪತ್ರ (ಲೆಟರ್ ಆಫ್ ಇಂಟೆಂಟ್) ಪಡೆಯಿತು. ದೊಡ್ಡ ನಗರದ ಸಿರಿವಂತ ವಿದ್ಯಾರ್ಥಿಗೆ ಜಗತ್ತು ಮನೆಬಾಗಿಲಿಗೆ ಬರುತ್ತಿದೆ. ಭಾಷೆ, ಚರಿತ್ರೆ, ಜಾನಪದಗಳನ್ನೇ ಕಸುಬಾಗಿ ಉಳ್ಳ ಸಣ್ಣ ವಿಶ್ವವಿದ್ಯಾಲಯಗಳು ಶ್ರೇಯಾಂಕದ ಪಟ್ಟಿಗಾಗಿ ಕಾಯುತ್ತ ಕೂತರೆ ಈ ಬಾಗಿಲು ಅವಕ್ಕೆ ತೆರೆಯುವುದು ತಡವಾದೀತು. ಪದವಿಯನ್ನು ಹಂಚದೆ ಪಠ್ಯವನ್ನು ಮಾತ್ರ ಹಂಚಿಕೊಳ್ಳುವ, ಪ್ರತಿಯೊಬ್ಬರೂ ತಮ್ಮಲ್ಲೇ ಕ್ರೆಡಿಟ್ ಕೊಡುವ ದಾರಿ ಅವುಗಳಿಗೆ ಇಂದೇ ಇದೆ.

ಕನ್ನಡದ ಜಾಗ

ಇಂಥ ಪಠ್ಯದ ಭಾಷೆ ಯಾವುದು? ಇಂಗ್ಲಿಷೇ ಎಂದು ಒಪ್ಪಿಬಿಟ್ಟರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ, ಶಾಸನ ಓದಬಲ್ಲ, ರೈತರ ಜೊತೆ ಮಾತಾಡಬಲ್ಲ ವಿದ್ಯಾರ್ಥಿ ಜಂಟಿ ತರಗತಿಯಲ್ಲಿ ಮೂಕನಾಗುತ್ತಾನೆ. ವಿಷಯದಲ್ಲಿ ಎಲ್ಲರಿಗಿಂತ ಹತ್ತಿರ ಇರುವವನು ಮಾತಿನಲ್ಲಿ ಎಲ್ಲರಿಗಿಂತ ಹಿಂದೆ ಬೀಳುತ್ತಾನೆ. ಇದು ಆಗಕೂಡದು.

ಕನ್ನಡ ಹೊರದೇಶದ ವಿಶ್ವವಿದ್ಯಾಲಯಗಳಿಗೆ ಅಪರಿಚಿತವೇನಲ್ಲ. ಫರ್ಡಿನಾಂಡ್ ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಮೇಲೆ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮ ಕಾಲದಲ್ಲಿ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಹೈಡ್ರೂನ್ ಬ್ರೂಕ್ನರ್ ಅವರ ಭಾರತಶಾಸ್ತ್ರ ಪೀಠ ಕನ್ನಡ, ತುಳು ಅಧ್ಯಯನಕ್ಕೆ ನೆಲೆ ಒದಗಿಸಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ನಂತರ ಮುಕ್ತ ವಿಶ್ವವಿದ್ಯಾಲಯವನ್ನೂ ನಡೆಸಿದ ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಕಲಿಸಿದರು. ಮ್ಯೂನಿಕ್‌ನಲ್ಲಿ ಕನ್ನಡ ಕಲಿಸುತ್ತ ಬಂದ ರಾಬರ್ಟ್ ಜೈಡೆನ್‌ಬೋಸ್ ಅವರ ಆಧುನಿಕ ಕನ್ನಡ ಕೈಪಿಡಿ 2020ರಲ್ಲಿ ಹೈಡೆಲ್‌ಬರ್ಗ್‌ನಿಂದ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳುವಂತೆ ಪ್ರಕಟವಾಯಿತು. ಹೊರಗಿನ ವಿದ್ಯಾರ್ಥಿ ಹಂಪಿಯ ಪಠ್ಯಕ್ಕೆ ಬರುವ ಮುನ್ನ ಅದರ ಮೊದಲ ಪಾಠಗಳನ್ನಾದರೂ ಓದಿ ಬರಬೇಕೆಂದು ಕೇಳುವುದು ಅತಿಯಲ್ಲ. ಹಂಪಿಯ ವಿದ್ಯಾರ್ಥಿಯೂ ಇಂಗ್ಲಿಷ್ ಓದಿ ಬರುತ್ತಾನೆ.

ತರಗತಿಯಲ್ಲಿ ಕ್ರಮ ಹೀಗಿರಬಹುದು. ಧ್ವನಿಮುದ್ರಿತ ಪಾಠಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ, ಎರಡಕ್ಕೂ ಲಿಖಿತ ಪ್ರತಿ ಇರಲಿ. ವೀಡಿಯೊ ನೋಡುವಷ್ಟು ಡೇಟಾ ಇಲ್ಲದವರು ಆ ಪ್ರತಿಯನ್ನು ಓದಬಹುದು. ನೇರ ತರಗತಿಯಲ್ಲಿ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಎರಡೂ ಬಲ್ಲ ಒಬ್ಬ ಸಹಾಯಕರು ಅದನ್ನು ಇನ್ನೊಂದು ಭಾಷೆಯಲ್ಲಿ ಹೇಳಲಿ. ಕ್ಷೇತ್ರ ಟಿಪ್ಪಣಿ ಬರೆಯಬೇಕಾದದ್ದು ಮಾಹಿತಿ ಸಿಕ್ಕ ಭಾಷೆಯಲ್ಲಿಯೇ. ರೈತರು ಕನ್ನಡದಲ್ಲಿ ಹೇಳಿದ್ದು ಕನ್ನಡದಲ್ಲೇ ದಾಖಲಾಗಲಿ, ಅನುವಾದ ಆಮೇಲೆ ಬರಲಿ.

ಅಂಕ ಯಾರು ಕೊಡುವುದು, ಪಾಠ ಯಾರದು

ಕೊನೆಯ ಎರಡು ಪ್ರಶ್ನೆಗಳೇ ಸಮಾನತೆಯನ್ನು ಅಳೆಯುವ ಪ್ರಶ್ನೆಗಳು. ವಿದೇಶಿ ಅಧ್ಯಾಪಕರು ಪಾಠ ಮಾಡಿ, ಇಲ್ಲಿನ ಅಧ್ಯಾಪಕರು ಹಾಜರಿ ಹಾಕಿದರೆ ಅದು ಹಂಚಿಕೆಯಲ್ಲ. ಮಿಶ್ರ ತಂಡದ ಪ್ರತಿ ವರದಿಯನ್ನೂ ಎರಡು ಆವರಣಗಳ ಅಧ್ಯಾಪಕರು ಸೇರಿ ಓದಬೇಕು. ಹಂಪಿಯ ಕ್ಷೇತ್ರಕಾರ್ಯದ ಗುಣಮಟ್ಟವನ್ನು ಲಂಡನ್ನಿನ ವಿದ್ಯಾರ್ಥಿಯ ವಿಷಯದಲ್ಲೂ ಹಂಪಿಯ ಅಧ್ಯಾಪಕರೇ ತೀರ್ಮಾನಿಸಬೇಕು. ಪೋರ್ಚುಗೀಸ್ ಮೂಲದ ಓದಿನ ಗುಣಮಟ್ಟವನ್ನು ಹಂಪಿಯ ವಿದ್ಯಾರ್ಥಿಯ ವಿಷಯದಲ್ಲೂ ಆ ಭಾಷೆ ಬಲ್ಲವರು ತೀರ್ಮಾನಿಸಬೇಕು. ಅಂಕಪಟ್ಟಿಯ ಮೇಲೆ ಬೀಳುವ ಸಹಿಯಿಂದಲೇ ಯಾರ ಜ್ಞಾನಕ್ಕೆ ಬೆಲೆ ಎಂಬುದು ವಿದ್ಯಾರ್ಥಿಗೆ ಮನವರಿಕೆಯಾಗುತ್ತದೆ.

ಧ್ವನಿಮುದ್ರಣ, ಛಾಯಾಚಿತ್ರ, ರೈತರ ಮಾತಿನ ದಾಖಲೆ ಇವುಗಳ ಒಡೆತನವನ್ನು ಆರಂಭದ ಒಪ್ಪಂದದಲ್ಲೇ ಬರೆಯಬೇಕು. ಹಂಪಿಯ ಬಗ್ಗೆ ಸಂಗ್ರಹವಾದ ಪ್ರತಿಯೊಂದರ ಪೂರ್ಣ ಪ್ರತಿ ಕನ್ನಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿಯಬೇಕು, ಹೊಸಪೇಟೆ, ಕಂಪ್ಲಿ, ಸಂಡೂರುಗಳ ಕಾಲೇಜುಗಳಿಗೆ ಅದು ತೆರೆದಿರಬೇಕು. ಹೊರಗಿನ ಸಂಸ್ಥೆಗಳು ಇಟ್ಟುಕೊಂಡಿರುವ ಮೆಕೆಂಜಿ ನಕ್ಷೆ, ಗ್ರೀನ್‌ಲಾ ಚಿತ್ರಗಳಂಥವುಗಳ ಉತ್ತಮ ಡಿಜಿಟಲ್ ಪ್ರತಿಗಳು ಪಠ್ಯದ ಭಾಗವಾಗಿ ಇಲ್ಲಿಗೆ ಬರಬೇಕು.

ಸಭಿಕರೆ, ಇದನ್ನು ಆರಂಭಿಸಲು ದೊಡ್ಡ ಕಟ್ಟಡ ಬೇಕಿಲ್ಲ. ಮೂರು ವಿಭಾಗ ಸಾಕು: ಹಂಪಿಯಲ್ಲಿ ಶಾಸನ ಮತ್ತು ಪುರಾತತ್ವ ಬಲ್ಲ ಒಂದು, ಯುರೋಪಿನಲ್ಲಿ ಕನ್ನಡ ಅಥವಾ ಪೋರ್ಚುಗೀಸ್ ಬಲ್ಲ ಒಂದು, ನೀರಾವರಿಯನ್ನು ಅರಿತ ಎಂಜಿನಿಯರಿಂಗ್ ವಿಭಾಗ ಒಂದು. ಜರ್ಮನಿಯಲ್ಲಿ ಚಳಿಗಾಲದ ಸೆಮಿಸ್ಟರಿನ ತರಗತಿಗಳು ಆರಂಭವಾಗುವುದು ಅಕ್ಟೋಬರ್ ಮಧ್ಯದಲ್ಲಿ. ಹಂಪಿಯಲ್ಲಿ ಮಳೆ ತಗ್ಗಿ ಕಾಲುವೆಯ ದಂಡೆಯಲ್ಲಿ ನಡೆಯಲು ಆಗುವುದೂ ಅದೇ ಹೊತ್ತಿಗೆ. ಮೊದಲ ವರ್ಷ ಒಂದು ಕಾಲುವೆ, ಒಂದು ಶಾಸನ, ಒಂದು ಪ್ರವಾಸಕಥನವನ್ನಷ್ಟೇ ಹಿಡಿದುಕೊಳ್ಳಬಹುದು. ಹಂಪಿಯಿಂದ ಹತ್ತು, ಹೊರಗಿನ ಎರಡು ಆವರಣಗಳಿಂದ ಐದೈದು ವಿದ್ಯಾರ್ಥಿಗಳು ಸೇರಿದರೆ ಐದು ಮಿಶ್ರ ತಂಡಗಳಾಗುತ್ತವೆ. ಪ್ರತಿ ತಂಡವೂ ತನ್ನ ವರದಿಯ ಕನ್ನಡ ಪ್ರತಿಯೊಂದನ್ನು, ಕಾಲುವೆಯ ನಕ್ಷೆಯ ಸಮೇತ, ಆ ಕಾಲುವೆ ಹಾಯುವ ಊರಿನ ಗ್ರಾಮ ಪಂಚಾಯಿತಿಗೆ ಮತ್ತು ಪ್ರೌಢಶಾಲೆಗೆ ಒಪ್ಪಿಸಬೇಕೆಂಬುದು ಪಠ್ಯದ ನಿಯಮವಾಗಲಿ. ಆ ಪ್ರತಿ ತಲುಪಿದ ಮೇಲೆಯೇ ಕೊನೆಯ ಕ್ರೆಡಿಟ್ ದಾಖಲಾಗಲಿ.